ಸಿಜಿಲ್ ವಿಮರ್ಶೆ: ಅರ್ಥ ಟ್ಯಾಗ್‌ನಲ್ಲಿ, ಅಂದ ಸಿಎಸ್‌ಎಸ್‌ನಲ್ಲಿ

ಕನ್ನಡ ಪುಸ್ತಕವನ್ನು ಇಪಬ್ (ಇ-ಪುಸ್ತಕದ ಕಡತ ಮಾದರಿ) ಮಾಡಿಸಲು ಹೊರಟ ಬೆಂಗಳೂರಿನ ಸಣ್ಣ ಪ್ರಕಾಶಕರಿಗೆ ಸಾಮಾನ್ಯವಾಗಿ ಸಿಗುವುದು ಎರಡು ಬಗೆಯ ಕಡತ. ಒಂದು, ಅಚ್ಚಿಗೆ ಹೋದ ಡೆಮಿ 1/8 ಪುಟವನ್ನು ಹಾಗೆಯೇ ಕೂರಿಸಿದ ಫಿಕ್ಸೆಡ್ ಲೇಔಟ್. ನೋಡಲು ಚೆಂದ. ಆದರೆ ಐದೂವರೆ ಅಂಗುಲ ಅಗಲದ ಪುಟ ಮೊಬೈಲ್ ಪರದೆಗೆ ಕುಗ್ಗಿದಾಗ ಒತ್ತಕ್ಷರ ಯಾವುದು, ಕೊಂಬು ಯಾವುದು ಗೊತ್ತಾಗುವುದಿಲ್ಲ, ಅಕ್ಷರ ದೊಡ್ಡದು ಮಾಡಿಕೊಳ್ಳಲೂ ಆಗುವುದಿಲ್ಲ. ಇನ್ನೊಂದು, ವರ್ಡ್‌ನಿಂದಲೋ ಇನ್‌ಡಿಸೈನ್‌ನಿಂದಲೋ ಒಂದೇ ಗುಂಡಿ ಒತ್ತಿ ಹೊರತೆಗೆದದ್ದು. ಇದರಲ್ಲಿ ಅಕ್ಷರ ದೊಡ್ಡದಾಗುತ್ತದೆ. ಆದರೆ ಅಧ್ಯಾಯದ ಹೆಸರು, ವಚನ, ಪತ್ರ, ಅಡಿಟಿಪ್ಪಣಿ ಎಲ್ಲವೂ ಒಂದೇ ಜಾತಿಯ ಪ್ಯಾರಾ. ದಪ್ಪ ಮಾಡಿ ನಡುವಿಗೆ ತಂದ ಸಾಲು ಶೀರ್ಷಿಕೆಯೆಂದು ನೋಡುವ ಕಣ್ಣಿಗೆ ತಿಳಿಯಬಹುದು, ಓದಿ ಹೇಳುವ ತಂತ್ರಾಂಶಕ್ಕೆ ತಿಳಿಯುವುದಿಲ್ಲ. ಪರಿವಿಡಿಯೂ ತಾನಾಗಿ ಹುಟ್ಟುವುದಿಲ್ಲ.

ಈ ಎರಡನೆಯ ಕಡತವನ್ನು ಸರಿದಾರಿಗೆ ತರುವ ಕೆಲಸಕ್ಕೆ ಸಿಜಿಲ್ ಇದೆ. 2009ರಲ್ಲಿ ಮೊದಲು ಹೊರಬಂದ ಈ ಇಪಬ್ ಸಂಪಾದಕ ಜಿಪಿಎಲ್ 3 ಎಂಬ ಮುಕ್ತ ತಂತ್ರಾಂಶ ಪರವಾನಗಿಯಲ್ಲಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ನಮ್ಮ ತೀರ್ಪನ್ನು ಮೊದಲೇ ಹೇಳುತ್ತೇವೆ: ಪುಸ್ತಕ ಬರೆಯಲು ಸಿಜಿಲ್ ಬೇಡ. ಬರೆದು, ಕರಡು ತಿದ್ದಿ ಮುಗಿದ ಪಠ್ಯವನ್ನು ಇಪಬ್ ಆಗಿ ಕಟ್ಟಲು ಇಷ್ಟು ಹಿಡಿತ ಕೊಡುವ ಉಚಿತ ಸಲಕರಣೆ ಬೇರೆ ಇಲ್ಲ. ಷರತ್ತು ಒಂದೇ. ಚಾಮರಾಜಪೇಟೆಯ ಮುದ್ರಣಾಲಯವಾಗಲಿ, ಬಸವನಗುಡಿಯ ಮನೆಯ ಕೋಣೆಯಲ್ಲಿ ನಡೆಯುವ ಪ್ರಕಾಶನವಾಗಲಿ, ಅಲ್ಲಿ ಒಬ್ಬರಾದರೂ ಇಪ್ಪತ್ತು ಟ್ಯಾಗ್ (ಪಠ್ಯದ ಯಾವ ಭಾಗ ಏನೆಂದು ಹೇಳುವ ಎಚ್‌ಟಿಎಂಎಲ್ ಗುರುತು) ಕಲಿಯಲು ಸಿದ್ಧರಿರಬೇಕು.

ತೆರೆದರೆ ಕಾಣುವುದು ಇಷ್ಟು: ಎಡಗಡೆ ಕಡತಗಳ ಪಟ್ಟಿ, ನಡುವೆ ಕೋಡ್, ಬಲಗಡೆ ಪ್ರಿವ್ಯೂ. ಹಳೆಯ ಆವೃತ್ತಿಗಳಲ್ಲಿ ವರ್ಡ್‌ನಂತೆಯೇ ನೇರವಾಗಿ ಟೈಪ್ ಮಾಡುವ ಬುಕ್ ವ್ಯೂ ಇತ್ತು. 1.0 ಆವೃತ್ತಿಯ ಹೊತ್ತಿಗೆ ಅದನ್ನು ತೆಗೆದರು. ಹಾಗೆ ತಿದ್ದಲೇಬೇಕೆನ್ನುವವರಿಗೆ ಪೇಜ್‌ಎಡಿಟ್ ಎಂಬ ಪ್ರತ್ಯೇಕ ತಂತ್ರಾಂಶ ಕೊಟ್ಟಿದ್ದಾರೆ. ಈ ಬದಲಾವಣೆ ಅನೇಕರಿಗೆ ಹಿಡಿಸಲಿಲ್ಲ. ನಮಗೆ ಅದು ಸರಿಯೆನಿಸುತ್ತದೆ. ಕಣ್ಣಿಗೆ ಕಾಣುವ ರೂಪದ ಮೇಲೆಯೇ ಕೈಯಾಡಿಸುವಾಗ ಶೀರ್ಷಿಕೆಗೆ ಎಚ್2 ಟ್ಯಾಗ್ ಹಾಕಬೇಕೆಂಬುದು ನೆನಪಾಗುವುದಿಲ್ಲ, ದಪ್ಪ ಮಾಡುವ ಗುಂಡಿಯೇ ನೆನಪಾಗುತ್ತದೆ. ಕೋಡ್ ಎದುರಿಗಿದ್ದರೆ ಪ್ರತಿ ಪ್ಯಾರಾವೂ ‘ನಾನು ಯಾರು’ ಎಂದು ಕೇಳುತ್ತದೆ.

ಮೊದಲ ದಿನವೇ ಮಾಡಿಕೊಳ್ಳಬೇಕಾದ ಎರಡು ಸಿದ್ಧತೆಗಳಿವೆ. ಪ್ರಿಫರೆನ್ಸಸ್‌ನ ಅಪಿಯರೆನ್ಸ್ ವಿಭಾಗದಲ್ಲಿ ಕೋಡ್ ವ್ಯೂಗೆ ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಆರಿಸಿ, ಗಾತ್ರ ಸ್ವಲ್ಪ ಹೆಚ್ಚಿಸಿ. ಹೊಸ ಕಡತ ಇಪಬ್ 3 ಆಗಿಯೇ ಹುಟ್ಟುವಂತೆ ಜನರಲ್ ಸೆಟ್ಟಿಂಗ್ಸ್‌ನಲ್ಲಿ ಗುರುತು ಹಾಕಿ. ಇಪಬ್ 3.3 ಆವೃತ್ತಿ 2023ರಲ್ಲಿ ವೆಬ್ ಮಾನಕಗಳ ಸಂಸ್ಥೆಯಾದ ಡಬ್ಲ್ಯು3ಸಿಯ ಮಾನಕವಾಗಿದೆ. ಹೀಗಿರುವಾಗ ಇಪಬ್ 2ರಲ್ಲಿ ಹೊಸ ಪುಸ್ತಕ ಕಟ್ಟಲು ಕಾರಣವಿಲ್ಲ.

ಪಠ್ಯ ಒಳಗೆ ತರುವ ಹಂತದಲ್ಲಿಯೇ ಅರ್ಧ ಯುದ್ಧ ಗೆಲ್ಲಬೇಕು, ಇಲ್ಲವೇ ಸೋಲಬೇಕು. ನುಡಿ, ಶ್ರೀಲಿಪಿಯಂಥ ಹಳೆಯ ಆಸ್ಕಿ ಫಾಂಟ್‌ನಲ್ಲಿ ಪೇಜ್‌ಮೇಕರ್‌ಗೆ ಹಾಕಿದ ಪುಸ್ತಕವಾದರೆ ಮೊದಲು ಯೂನಿಕೋಡ್‌ಗೆ ಬದಲಾಗಬೇಕು, ಆಮೇಲೆಯೇ ಸಿಜಿಲ್. ಆಸ್ಕಿ ಫಾಂಟ್‌ನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಪರಿವರ್ತಕ ಇಲ್ಲಿ ಎಡವಿದರೆ ‘ಸೂರ್ಯ’ ಕೆಡುತ್ತದೆ. ಬದಲಾವಣೆ ಆದಮೇಲೆ ಸಿಜಿಲ್‌ನ ಟೂಲ್ಸ್ ಮೆನುವಿನಲ್ಲಿರುವ ರಿಪೋರ್ಟ್ಸ್ ತೆರೆದು ಅಕ್ಷರಗಳ ಪಟ್ಟಿ ನೋಡಿ. ಪುಸ್ತಕದಲ್ಲಿ ಬಳಕೆಯಾದ ಒಂದೊಂದು ಅಕ್ಷರವನ್ನೂ ಅದರ ಯೂನಿಕೋಡ್ ಸಂಖ್ಯೆಯ ಸಮೇತ ಅದು ತೋರಿಸುತ್ತದೆ. ಕನ್ನಡದ ಅಕ್ಷರಗಳೆಲ್ಲ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ವಲಯದಲ್ಲಿರುತ್ತವೆ. ಅದರ ಹೊರಗಿನ ವಿಚಿತ್ರ ಲ್ಯಾಟಿನ್ ಚಿಹ್ನೆಗಳು ಕಂಡರೆ ಪರಿವರ್ತನೆ ಅರ್ಧಕ್ಕೆ ನಿಂತಿದೆ ಎಂದೇ ಅರ್ಥ.

ಇದೇ ಪಟ್ಟಿ ಇನ್ನೊಂದು ಕಳ್ಳನನ್ನೂ ಹಿಡಿದುಕೊಡುತ್ತದೆ. ಹಳೆಯ ಪುಸ್ತಕವನ್ನು ಸ್ಕ್ಯಾನ್ ಮಾಡಿ, ಚಿತ್ರದಲ್ಲಿನ ಅಕ್ಷರ ಗುರುತಿಸುವ ಒಸಿಆರ್‌ನಿಂದ ತೆಗೆದ ಪಠ್ಯದಲ್ಲಿ ಕನ್ನಡದ ಅನುಸ್ವಾರದ ಜಾಗದಲ್ಲಿ ತೆಲುಗಿನ ಅನುಸ್ವಾರ ಕೂತಿರುವುದುಂಟು. ಎರಡೂ ಒಂದೇ ಸೊನ್ನೆ. ಕರಡು ತಿದ್ದುವವರ ಕಣ್ಣಿಗೆ ಎಷ್ಟು ಸಲ ನೋಡಿದರೂ ಬೀಳುವುದಿಲ್ಲ. ಆದರೆ ಓದುಗರು ‘ಬೆಂಗಳೂರು’ ಎಂದು ಹುಡುಕಿದರೆ ಆ ಪದ ಸಿಗುವುದಿಲ್ಲ. 0ಸಿ02 ಎಂಬ ಸಂಖ್ಯೆ ಪಟ್ಟಿಯಲ್ಲಿದ್ದರೆ ಎಲ್ಲ ಕಡತಗಳಲ್ಲೂ ಒಟ್ಟಿಗೆ 0ಸಿ82ಕ್ಕೆ ಬದಲಿಸಿ.

ಕಾಣದ ಎರಡು ಅಕ್ಷರಗಳನ್ನು ಮಾತ್ರ ಕಾಪಾಡಿಕೊಳ್ಳಬೇಕು: ಅಕ್ಷರಗಳು ಕೂಡದಂತೆ ತಡೆಯುವ ಝಡ್‌ಡಬ್ಲ್ಯುಎನ್‌ಜೆ ಮತ್ತು ಕೂಡುವ ರೀತಿಯನ್ನು ಬದಲಿಸುವ ಝಡ್‌ಡಬ್ಲ್ಯುಜೆ. ‘ರಾಜ್‌ಕುಮಾರ್’ ಎಂಬಲ್ಲಿ ಮೊದಲನೆಯದು ಬಿದ್ದುಹೋದರೆ ‘ರಾಜ್ಕುಮಾರ್’ ಆಗುತ್ತದೆ. ‘ರ‍್ಯಾಂಕ್’ ಪದದಲ್ಲಿ ಎರಡನೆಯದು ಹೋದರೆ ‘ರ್ಯಾಂಕ್’ ಆಗಿ ಅರ್ಕಾವೊತ್ತು ಬಂದು ಕೂರುತ್ತದೆ. ಬೇಡದ ಅದೃಶ್ಯ ಚಿಹ್ನೆಗಳನ್ನೆಲ್ಲ ಒಂದೇ ಸಲಕ್ಕೆ ಅಳಿಸುವ ಸಿದ್ಧ ಸೂತ್ರಗಳನ್ನು ಕನ್ನಡ ಕಡತದ ಮೇಲೆ ಪ್ರಯೋಗಿಸಬೇಡಿ.

ವರ್ಡ್ ಕಡತ ತರಲು ಸಿಜಿಲ್‌ಗೆ ಡಾಕ್ಸ್‌ಇಂಪೋರ್ಟ್ ಎಂಬ ಪ್ಲಗಿನ್ (ಸೇರಿಸಿಕೊಳ್ಳುವ ಉಪತಂತ್ರಾಂಶ) ಇದೆ. ಒಳಗೆ ಕೆಲಸ ಮಾಡುವುದು ಮ್ಯಾಮತ್ ಎಂಬ ಪರಿವರ್ತಕ. ಈ ವಿಮರ್ಶೆಯ ಮುಖ್ಯ ಮಾತು ಇದರ ಸ್ವಭಾವದಲ್ಲಿಯೇ ಇದೆ: ವರ್ಡ್‌ನ ಸ್ಟೈಲ್ ಹೆಸರನ್ನು ಅದು ನಂಬುತ್ತದೆ, ಅಲಂಕಾರವನ್ನು ನಂಬುವುದಿಲ್ಲ. ಹೆಡಿಂಗ್ 1 ಎಂಬ ಸ್ಟೈಲ್ ಹಾಕಿದ್ದರೆ ಅಚ್ಚುಕಟ್ಟಾದ ಎಚ್1 ಬರುತ್ತದೆ. ಗಾತ್ರ 18 ಮಾಡಿ, ದಪ್ಪ ಮಾಡಿ, ನಡುವಿಗೆ ತಂದಿದ್ದರೆ ದಪ್ಪ ಮಾತ್ರ ಉಳಿದು ಅದು ಮಾಮೂಲಿ ಪ್ಯಾರಾ ಆಗುತ್ತದೆ. ಬಣ್ಣ, ಫಾಂಟ್, ಅಂಚಿನ ಅಳತೆ ಎಲ್ಲ ಉದುರಿಹೋಗುತ್ತವೆ. ಅಡಿಗೆರೆಯನ್ನೂ ಅದು ತಾನಾಗಿ ತರುವುದಿಲ್ಲ, ಕೊಂಡಿಯೆಂದು ಓದುಗರು ತಪ್ಪು ತಿಳಿಯಬಾರದೆಂಬುದು ಕಾರಣ. ಖಾಲಿ ಪ್ಯಾರಾಗಳನ್ನೂ ಬಿಟ್ಟುಬಿಡುತ್ತದೆ. ಕಾದಂಬರಿಗಳಿಗೆ ಪೆಟ್ಟು ಬೀಳುವುದು ಈ ಕೊನೆಯದರಿಂದ. ನಮ್ಮಲ್ಲಿ ಹೆಚ್ಚಿನ ಲೇಖಕರು ಸನ್ನಿವೇಶ ಬದಲಾಗುವಾಗ ಎರಡು ಸಲ ಎಂಟರ್ ಒತ್ತಿ ಜಾಗ ಬಿಡುತ್ತಾರೆ. ಆ ಜಾಗ ಸದ್ದಿಲ್ಲದೆ ಮಾಯವಾಗಿ ಎರಡು ಸನ್ನಿವೇಶಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ವರ್ಡ್‌ನಲ್ಲಿಯೇ ಅಂಥ ಕಡೆಯಲ್ಲೆಲ್ಲ ಮೂರು ನಕ್ಷತ್ರ ಹಾಕಿಸಿ, ಒಳಗೆ ತಂದಮೇಲೆ ಆ ಪ್ಯಾರಾವನ್ನು ಎಚ್‌ಆರ್ ಟ್ಯಾಗ್‌ಗೆ ಬದಲಿಸಿ. ‘ಇಲ್ಲಿ ವಿಷಯ ಬದಲಾಯಿತು’ ಎಂಬುದು ಎಚ್‌ಆರ್ ಟ್ಯಾಗ್‌ನ ಅರ್ಥ. ಅದು ಗೆರೆಯಾಗಿ ಕಾಣಬೇಕೋ, ಬರಿಯ ಜಾಗವಾಗಿ ಕಾಣಬೇಕೋ ಎಂಬುದನ್ನು ರೂಪದ ನಿಯಮಗಳಿರುವ ಸಿಎಸ್‌ಎಸ್ ನೋಡಿಕೊಳ್ಳಲಿ.

ಈ ಪ್ಲಗಿನ್‌ಗೆ ಸ್ಟೈಲ್ ಮ್ಯಾಪ್ ಎಂಬ ಪಠ್ಯ ಕಡತ ಕೊಡಬಹುದು. ಸಾಲಿಗೊಂದರಂತೆ ಎಡಗಡೆ ವರ್ಡ್‌ನ ಸ್ಟೈಲ್ ಹೆಸರು, ಬಲಗಡೆ ಟ್ಯಾಗ್ ಮತ್ತು ಕ್ಲಾಸ್ (ಟ್ಯಾಗ್‌ಗೆ ನಾವೇ ಕೊಡುವ ಹೆಸರು). ವರ್ಡ್‌ನಲ್ಲಿ ‘ವಚನ’, ‘ಪತ್ರ’, ‘ಅರ್ಪಣೆ’, ‘ಅಂಕಿತ’ ಎಂದು ಸ್ಟೈಲ್ ಮಾಡಿಸಿಟ್ಟರೆ ಅದೇ ವರ್ಗೀಕರಣ ಇಪಬ್‌ಗೆ ಬರುತ್ತದೆ. ಪ್ರತಿ ಸಾಲಿನ ಕೊನೆಗೆ ಫ್ರೆಶ್ ಎಂಬ ಸೂಚನೆ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಅದಿಲ್ಲದಿದ್ದರೆ ಒಂದರ ಕೆಳಗೊಂದು ಇರುವ ಅದೇ ಸ್ಟೈಲ್‌ನ ಪ್ಯಾರಾಗಳು ಒಂದೇ ಟ್ಯಾಗ್‌ನೊಳಗೆ ಸೇರಿಕೊಳ್ಳುತ್ತವೆ. ಹತ್ತು ವಚನ ಒಂದೇ ಉದ್ದನೆಯ ಪ್ಯಾರಾ ಆಗಿದ್ದರೆ ಕಾರಣ ಇದೇ.

ಕ್ಲಾಸ್‌ಗೆ ಹೆಸರಿಡುವುದರಲ್ಲಿಯೂ ನಿಯಮ ಬೇಕು. ‘ದಪ್ಪ-ನಡುವೆ-16’ ಎಂದು ಹೆಸರಿಟ್ಟರೆ ನಾಳೆ ವಿನ್ಯಾಸ ಬದಲಾದಾಗ ಹೆಸರೇ ಸುಳ್ಳು ಹೇಳುತ್ತದೆ. ‘ಪತ್ರದ-ತಾರೀಖು’ ಎಂದಿಟ್ಟರೆ ಹೇಗೆ ಕಂಡರೂ ಅದು ಪತ್ರದ ತಾರೀಖೇ. ಕಡತಗಳ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ. ಕನ್ನಡದಲ್ಲಿಟ್ಟರೆ ಕಡತ ತಪಾಸಿಸುವ ಇಪಬ್‌ಚೆಕ್ ತಕರಾರು ಎತ್ತಬಹುದು, ಕೆಲವು ಹಳೆಯ ಆ್ಯಪ್‌ಗಳಲ್ಲಿ ಅಧ್ಯಾಯ ತೆರೆಯುವುದೂ ಕಷ್ಟ.

ಇನ್‌ಡಿಸೈನ್‌ನಿಂದ ಬಂದ ಕಡತದ ಕಥೆ ಬೇರೆ. ಅಲ್ಲಿ ಪುಟ ಹೊಂದಿಸುವವರು ಸಾಲು ಕೂರಿಸಲು ಅಲ್ಲೊಂದು ಇಲ್ಲೊಂದು ಅಕ್ಷರದ ಅಂತರ ಜಗ್ಗಿರುತ್ತಾರೆ. ಹೊರತೆಗೆಯುವಾಗ ಆ ಒಂದೊಂದು ಜಗ್ಗಾಟವೂ ಕ್ಯಾರ್‌ಓವರ್‌ರೈಡ್-1, ಕ್ಯಾರ್‌ಓವರ್‌ರೈಡ್-2 ಎಂಬ ಕ್ಲಾಸ್‌ನ ಸ್ಪ್ಯಾನ್ (ಸಾಲಿನೊಳಗಿನ ತುಂಡನ್ನು ಸುತ್ತುವ ಟ್ಯಾಗ್) ಆಗುತ್ತದೆ. ಇಂಗ್ಲಿಷಿನಲ್ಲಿ ಇದು ಬರಿಯ ಕಸ. ಕನ್ನಡದಲ್ಲಿ ಅಕ್ಷರವನ್ನೇ ಒಡೆಯುತ್ತದೆ. ‘ಅಕ್ಷರ’ ಎಂಬ ಪದದಲ್ಲಿ ಕ್ ಒಂದು ಸ್ಪ್ಯಾನ್‌ನ ಕೊನೆಗೂ ಷ ಇನ್ನೊಂದರ ಮೊದಲಿಗೂ ಬಿದ್ದು, ಎರಡರ ದಪ್ಪವೋ ಫಾಂಟೋ ಬೇರೆಯಾಗಿದ್ದರೆ, ಕ್ಷ ಕೂಡಿಕೊಳ್ಳುವುದಿಲ್ಲ. ಕ್ ಬೇರೆ ಷ ಬೇರೆ ಆಗಿ ನಿಲ್ಲುತ್ತವೆ. ಗಡಿ ಕಾಗುಣಿತದ ನಡುವೆ ಬಿದ್ದರೆ ಚುಕ್ಕೆಗಳ ವೃತ್ತದ ಮೇಲೆ ಒಂಟಿ ದೀರ್ಘ ನೇತಾಡುತ್ತದೆ.

ಇದನ್ನು ಹುಡುಕಲು ಸಿಜಿಲ್‌ನ ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ರೆಜೆಕ್ಸ್ (ಮಾದರಿ ಕೊಟ್ಟು ಹುಡುಕುವ) ವಿಧಾನ ಆರಿಸಿ, ವ್ಯಾಪ್ತಿಯನ್ನು ‘ಎಲ್ಲ ಎಚ್‌ಟಿಎಂಎಲ್ ಕಡತ’ ಎಂದಿಡಿ. ಸ್ಪ್ಯಾನ್ ಮುಚ್ಚಿದ ಕೂಡಲೇ 0ಸಿಬಿಇಯಿಂದ 0ಸಿಸಿಡಿವರೆಗಿನ ಸ್ವರಚಿಹ್ನೆಯೋ ವಿರಾಮವೋ (ವ್ಯಂಜನವನ್ನು ಅರ್ಧ ಮಾಡುವ ಚಿಹ್ನೆ) ಬಂದಿರುವ ಕಡೆಗಳನ್ನು ಮೊದಲು ಹುಡುಕಿ. ಆಮೇಲೆ ವಿರಾಮದ ಬೆನ್ನಿಗೇ ಟ್ಯಾಗ್ ಬಂದಿರುವ ಕಡೆಗಳನ್ನು. ಕೊನೆಗೆ ಅನುಸ್ವಾರ, ವಿಸರ್ಗ. ಈ ಮೂರು ಹುಡುಕಾಟಗಳನ್ನು ಸರ್ಚ್ ಎಡಿಟರ್‌ನಲ್ಲಿ ಹೆಸರಿಟ್ಟು ಉಳಿಸಿಕೊಂಡರೆ ಮುಂದಿನ ಪುಸ್ತಕಕ್ಕೆ ಹಾಗೆಯೇ ಒದಗುತ್ತವೆ. ಎಲ್ಲ ಕಡತಗಳ ಮೇಲೆ ಒಟ್ಟಿಗೆ ಬದಲಾವಣೆ ಮಾಡುವ ಮುನ್ನ ಚೆಕ್‌ಪಾಯಿಂಟ್ ಉಳಿಸಿ. ಹೊಸ ಆವೃತ್ತಿಗಳಲ್ಲಿ ಈ ಸೌಲಭ್ಯ ಮೆನುವಿನಲ್ಲಿಯೇ ಇದೆ, ಹಿಂದಿನ ಸ್ಥಿತಿಗೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನೂ ತೋರಿಸುತ್ತದೆ.

ಓವರ್‌ರೈಡ್ ಸ್ಪ್ಯಾನ್‌ಗಳನ್ನೆಲ್ಲ ಕಣ್ಣುಮುಚ್ಚಿ ಕಿತ್ತುಹಾಕುವುದೂ ತಪ್ಪು. ಅವುಗಳಲ್ಲಿ ಕೆಲವು ಲೇಖಕರು ಒತ್ತು ಕೊಟ್ಟ ಪದಗಳಾಗಿರುತ್ತವೆ, ಕೆಲವು ಪುಸ್ತಕದ ಹೆಸರುಗಳಾಗಿರುತ್ತವೆ. ಸಿಎಸ್‌ಎಸ್‌ನಲ್ಲಿ ಆ ಕ್ಲಾಸ್ ದಪ್ಪ ಅಥವಾ ಓರೆ ಎಂದು ಹೇಳಿದ್ದರೆ ಒಂದೊಂದನ್ನೂ ನೋಡಿ ಒತ್ತಿನ ಇಎಂ ಅಥವಾ ಪುಸ್ತಕದ ಹೆಸರಿನ ಸೈಟ್ ಟ್ಯಾಗ್‌ಗೆ ಬದಲಿಸಿ. ಅಂತರದ ಲೆಕ್ಕ ಮಾತ್ರ ಹೇಳಿದ್ದರೆ ತೆಗೆಯಿರಿ.

ಇಷ್ಟಾದಮೇಲೆ ಅಂದದ ಕೆಲಸ. ಅರ್ಥ ಮುಖ್ಯವೆಂದು ವಾದಿಸುವವರಲ್ಲಿ ಕೆಲವರು ಸಿಎಸ್‌ಎಸ್ ಬಗ್ಗೆ ತಾತ್ಸಾರ ತೋರಿಸಿ, ರೂಪವೆಲ್ಲ ಓದುವ ಆ್ಯಪ್‌ಗೆ ಬಿಟ್ಟದ್ದು ಎನ್ನುತ್ತಾರೆ. ಕನ್ನಡಕ್ಕೆ ಆ ಮಾತು ಒಗ್ಗುವುದಿಲ್ಲ. ಆ್ಯಪ್‌ಗಳ ತಯಾರಕರು ಸಾಲಿನ ಎತ್ತರ, ಓರೆ ಅಕ್ಷರ, ಹೊಂದಾಣಿಕೆ ಎಲ್ಲವನ್ನೂ ಲ್ಯಾಟಿನ್ ಲಿಪಿ ಮನಸ್ಸಿನಲ್ಲಿಟ್ಟು ಗೊತ್ತುಮಾಡಿರುತ್ತಾರೆ. ನಮ್ಮ ಲಿಪಿಗೆ ಬೇಕಾದ್ದನ್ನು ನಾವೇ ಹೇಳಬೇಕು.

ಸಾಲಿನ ಎತ್ತರ 1.6ರಿಂದ 1.7 ಇರಲಿ, ಮುಂದೆ ಅಳತೆಯ ಮಾನ ಬೇಡ, ಬರಿಯ ಸಂಖ್ಯೆ ಸಾಕು. ಪಿಕ್ಸೆಲ್‌ನಲ್ಲಿ ಕೊಟ್ಟರೆ ಓದುಗರು ಅಕ್ಷರ ದೊಡ್ಡದು ಮಾಡಿಕೊಂಡಾಗ ‘ಸ್ತ್ರೀ’, ‘ರಾಷ್ಟ್ರ’ದಂಥ ಎರಡು ಒತ್ತಿನ ಅಕ್ಷರಗಳ ಬಾಲ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಬಾಡಿ ಟ್ಯಾಗ್‌ಗೆ ಅಕ್ಷರದ ಗಾತ್ರ ಕೊಡಲೇಬೇಡಿ, ಅದು ಓದುಗರ ಹಕ್ಕು. ಶೀರ್ಷಿಕೆಗಳಿಗೆ 1.3 ಇಎಂ, 1.15 ಇಎಂ ಎಂದು ಮೂಲ ಗಾತ್ರಕ್ಕೆ ಹೋಲಿಸಿ ಕೊಡಿ (ಇಲ್ಲಿ ಇಎಂ ಟ್ಯಾಗ್ ಅಲ್ಲ, ಅಳತೆಯ ಮಾನ). ಪಠ್ಯದ ಬಣ್ಣ ಕಪ್ಪು ಎಂದು ಬರೆದ ಸಾಲು ವರ್ಡ್‌ನಿಂದ ನಕಲಿಸಿ ಅಂಟಿಸಿದಾಗ ಜೊತೆಗೆ ಬಂದಿರುತ್ತದೆ. ಅದನ್ನು ಅಳಿಸಿ. ರಾತ್ರಿ ವಿಧಾನದಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ ಕೂತು ಪುಟವೇ ಖಾಲಿಯಾಗಿ ಕಾಣುವುದು ಈ ಒಂದು ಸಾಲಿನಿಂದ.

ಓರೆ ಅಕ್ಷರದ ವಿಷಯ. ಕನ್ನಡ ಫಾಂಟ್‌ಗಳಲ್ಲಿ ನಿಜವಾದ ಓರೆ ರೂಪ ಇರುವುದು ಅಪರೂಪ. ಇಎಂ ಟ್ಯಾಗ್ ಕಂಡರೆ ಆ್ಯಪ್ ನೆಟ್ಟಗಿನ ಅಕ್ಷರವನ್ನೇ ವಾಲಿಸುತ್ತದೆ, ಒತ್ತಕ್ಷರಗಳು ಪಕ್ಕಕ್ಕೆ ಜಾರಿದಂತೆ ಕಾಣುತ್ತವೆ. ಟ್ಯಾಗ್ ತೆಗೆಯುವುದು ಇದಕ್ಕೆ ಪರಿಹಾರವಲ್ಲ. ಒತ್ತು ಎಂಬ ಅರ್ಥ ಇರಲಿ, ಸಿಎಸ್‌ಎಸ್‌ನಲ್ಲಿ ಇಎಂಗೆ ಓರೆ ಬೇಡ, ದಪ್ಪ 600 ಎಂದು ಹೇಳಿ. ಸೈಟ್ ಟ್ಯಾಗ್‌ಗೂ ಓರೆ ತೆಗೆದು, ಪುಸ್ತಕದ ಹೆಸರಿಗೆ ಉದ್ಧರಣ ಚಿಹ್ನೆ ಸಾಕು.

ಅಧ್ಯಾಯದ ಮೊದಲ ಪ್ಯಾರಾಕ್ಕೆ ಒಳಸರಿತ ಬೇಡ, ಉಳಿದವಕ್ಕೆ 1.2 ಇಎಂ ಬೇಕು ಎನ್ನೋಣ. ಇದಕ್ಕಾಗಿ ‘ಮೊದಲ-ಪ್ಯಾರಾ’ ಎಂಬ ಕ್ಲಾಸನ್ನು ಪ್ರತಿ ಅಧ್ಯಾಯಕ್ಕೂ ಅಂಟಿಸುವವರಿದ್ದಾರೆ. ಅಗತ್ಯವಿಲ್ಲ. ಎಚ್2, ಕೂಡಿಸು ಚಿಹ್ನೆ, ಪಿ ಎಂದು ಸಿಎಸ್‌ಎಸ್‌ನಲ್ಲಿ ಒಂದೇ ಸಾಲು ಬರೆದರೆ ಶೀರ್ಷಿಕೆಯ ಬೆನ್ನಿಗೆ ಬರುವ ಪ್ಯಾರಾ ತಾನಾಗಿ ಸಿಗುತ್ತದೆ. ಎಚ್‌ಆರ್ ನಂತರದ ಪ್ಯಾರಾಕ್ಕೂ ಹಾಗೆಯೇ. ಟ್ಯಾಗ್ ಶುಚಿಯಾಗಿ ಉಳಿಯುತ್ತದೆ, ಅಧ್ಯಾಯದ ಮೊದಲಿಗೆ ಇನ್ನೊಂದು ಪ್ಯಾರಾ ಸೇರಿಸಿದರೂ ರೂಪ ಕೆಡುವುದಿಲ್ಲ.

ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಆಸೆ ಬಿಡುವುದೇ ಒಳ್ಳೆಯದು. ಸಿಎಸ್‌ಎಸ್‌ನ ಫಸ್ಟ್-ಲೆಟರ್ ಕೊಟ್ಟರೆ ‘ಸ್ತ್ರೀ’ ಎಂಬಲ್ಲಿ ಸ್ ಮಾತ್ರ ದೊಡ್ಡದಾಗಿ ಉಳಿದದ್ದು ಚಿಕ್ಕದಾಗಿ ಒಡೆಯುವುದುಂಟು. ಬೇಕೇಬೇಕೆಂದರೆ ಇಡೀ ಅಕ್ಷರಕ್ಕೆ ಸ್ಪ್ಯಾನ್ ಸುತ್ತಬೇಕು. ಅಂದಕ್ಕಾಗಿ ಟ್ಯಾಗ್ ಬಳಸಿದಂತಾಗುತ್ತದೆ, ಹುಡುಕಾಟದಲ್ಲಿಯೂ ಕೆಲವು ಕಡೆ ತೊಡಕು.

ಎರಡೂ ಅಂಚಿಗೆ ಹೊಂದಿಸುವ ಜಸ್ಟಿಫೈ ಕೂಡ ಕನ್ನಡಕ್ಕೆ ಯೋಚಿಸಿ ಹಾಕಬೇಕಾದದ್ದು. ‘ನೋಡಿಕೊಳ್ಳಬೇಕಾಗಿತ್ತೇನೋ’ ಎಂಬ ಒಂದು ಪದ ಮೊಬೈಲ್‌ನಲ್ಲಿ ಅರ್ಧ ಸಾಲು ನುಂಗುತ್ತದೆ. ಅದು ಕೆಳಗಿನ ಸಾಲಿಗೆ ಇಳಿದರೆ ಮೇಲಿನ ಸಾಲಿನಲ್ಲಿ ಉಳಿದ ಎರಡು ಪದಗಳ ನಡುವೆ ದೊಡ್ಡ ಕಂದಕ. ಪದ ಮುರಿಯುವ ಹೈಫನ್ ವ್ಯವಸ್ಥೆ ಕನ್ನಡಕ್ಕೆ ಎಲ್ಲ ಆ್ಯಪ್‌ಗಳಲ್ಲಿ ಇರುತ್ತದೆಂದು ನಂಬುವಂತಿಲ್ಲ. ಎಡಕ್ಕೆ ಹೊಂದಿಸಿ, ಬಲ ಅಂಚು ಏರುಪೇರಾಗಿರಲಿ. ಅಚ್ಚಿನ ಪುಸ್ತಕ ನೋಡಿ ಬೆಳೆದ ಪ್ರಕಾಶಕರು ಇದಕ್ಕೆ ಮೊದಲು ಒಪ್ಪುವುದಿಲ್ಲ. ಒಂದು ಅಧ್ಯಾಯವನ್ನು ಎರಡೂ ರೀತಿ ಮಾಡಿ ಅವರ ಫೋನಿನಲ್ಲಿಯೇ ತೋರಿಸಿ.

ಪದ್ಯದಲ್ಲಿ ಅರ್ಥಕ್ಕೂ ರೂಪಕ್ಕೂ ಗಡಿ ಎಳೆಯುವುದು ಕಷ್ಟ, ಸಿಜಿಲ್‌ನ ನಿಜವಾದ ಪರೀಕ್ಷೆಯೂ ಇಲ್ಲಿಯೇ. ಭಾಮಿನಿ ಷಟ್ಪದಿಯನ್ನು ತೆಗೆದುಕೊಳ್ಳಿ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು-ನಾಲ್ಕರ ಗಣ ಎರಡಾವರ್ತಿ, ಅಂದರೆ 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಮೂರಾವರ್ತಿಯ ಮೇಲೊಂದು ಗುರು, 23 ಮಾತ್ರೆ. ಸಾಲು ಎಲ್ಲಿ ಮುಗಿಯುತ್ತದೆ ಎಂಬುದು ಇಲ್ಲಿ ಅಲಂಕಾರವಲ್ಲ, ಛಂದಸ್ಸೇ ಅದು. ಮೊಬೈಲ್‌ನಲ್ಲಿ ಆರು ಸಾಲು ಎಂಟಾಗಿ ಮುರಿದರೆ ಓದುವವರಿಗೆ ನಡೆ ತಪ್ಪುತ್ತದೆ.

ಸಾಮಾನ್ಯವಾಗಿ ಮಾಡುವುದು ಇಡೀ ಪದ್ಯವನ್ನು ಒಂದು ಪಿ ಟ್ಯಾಗ್‌ನಲ್ಲಿ ಹಾಕಿ, ಸಾಲು ಮುಗಿದಲ್ಲಿ ಬಿಆರ್ ಕೊಡುವುದು. ವರ್ಡ್‌ನಲ್ಲಿ ಶಿಫ್ಟ್ ಜೊತೆ ಎಂಟರ್ ಒತ್ತಿದ್ದರೆ ಪ್ಲಗಿನ್ ತಂದುಕೊಡುವುದೂ ಇದನ್ನೇ. ತೊಂದರೆ ಏನೆಂದರೆ, ಮೂರನೆಯ ಸಾಲು ಪರದೆಗೆ ಹಿಡಿಸದೆ ಮಡಚಿಕೊಂಡಾಗ ಆ ಮಡಿಕೆ ಹೊಸ ಸಾಲಿನಂತೆಯೇ ಎಡ ಅಂಚಿನಿಂದ ಶುರುವಾಗುತ್ತದೆ. ಟೆಕ್ಸ್ಟ್-ಇಂಡೆಂಟ್ ಪ್ಯಾರಾದ ಮೊದಲ ಸಾಲಿಗೆ ಮಾತ್ರ ಲಗತ್ತಾಗುವುದರಿಂದ ಬಿಆರ್ ಆದಮೇಲಿನ ಸಾಲುಗಳನ್ನು ಹಿಡಿಯಲು ದಾರಿಯೇ ಇಲ್ಲ.

ಸರಿಯಾದ ಕಟ್ಟು ಹೀಗೆ: ಇಡೀ ಪದ್ಯಕ್ಕೆ ‘ಷಟ್ಪದಿ’ ಕ್ಲಾಸ್‌ನ ಡಿವ್ (ಗುಂಪು ಕಟ್ಟುವ ಟ್ಯಾಗ್), ಒಳಗೆ ಪ್ರತಿ ಸಾಲಿಗೂ ‘ಸಾಲು’ ಕ್ಲಾಸ್‌ನ ಪಿ. ಸಿಎಸ್‌ಎಸ್‌ನಲ್ಲಿ ಸಾಲಿಗೆ ಎಡ ಪ್ಯಾಡಿಂಗ್ 2 ಇಎಂ, ಟೆಕ್ಸ್ಟ್-ಇಂಡೆಂಟ್ ಮೈನಸ್ 2 ಇಎಂ, ಮೇಲೆ ಕೆಳಗೆ ಅಂಚು ಸೊನ್ನೆ. ಈಗ ಮಡಚಿದ ಭಾಗ 2 ಇಎಂ ಒಳಕ್ಕೆ ಸರಿದು ನಿಲ್ಲುತ್ತದೆ, ನಿಜವಾದ ಸಾಲುಗಳು ಆರೇ ಎಂಬುದು ಕಣ್ಣಿಗೆ ಕಾಣುತ್ತದೆ. ಪದ್ಯ ನಡುವೆ ತುಂಡಾಗಿ ಮುಂದಿನ ಪುಟಕ್ಕೆ ಹೋಗದಂತೆ ಡಿವ್‌ಗೆ ಪೇಜ್-ಬ್ರೇಕ್-ಇನ್‌ಸೈಡ್ ಅವಾಯ್ಡ್ ಕೊಡಿ. ಬಿಆರ್ ಇರುವ ಹಳೆಯ ಪದ್ಯಗಳನ್ನು ಹೀಗೆ ಬದಲಿಸಲು ಸಿಜಿಲ್‌ನ ರೆಜೆಕ್ಸ್ ಸಾಕು, ಆದರೆ ‘ಷಟ್ಪದಿ’ ಕ್ಲಾಸ್‌ನೊಳಗಿನ ಬಿಆರ್ ಮಾತ್ರ ಬದಲಾಗುವಂತೆ ಸೂತ್ರ ಬರೆಯಬೇಕು. ಇಲ್ಲದಿದ್ದರೆ ವಿಳಾಸ, ಪತ್ರಗಳೂ ಚೂರಾಗುತ್ತವೆ.

ಶುದ್ಧವಾದಿಗಳು ಇದಕ್ಕೆ ಆಕ್ಷೇಪಿಸಬಹುದು. ಪಿ ಎಂದರೆ ಪ್ಯಾರಾ, ಪದ್ಯದ ಸಾಲು ಪ್ಯಾರಾ ಅಲ್ಲವಲ್ಲ? ಮಾತು ನಿಜ. ವಿದ್ವಾಂಸರು ಗ್ರಂಥ ಸಂಪಾದನೆಗೆ ಬಳಸುವ ಟಿಇಐ ಪದ್ಧತಿಯಲ್ಲಿ ಪದ್ಯದ ಸಾಲಿಗೂ ಸಾಲುಗಳ ಗುಂಪಿಗೂ ಸ್ವಂತ ಟ್ಯಾಗ್‌ಗಳಿವೆ, ಎಚ್‌ಟಿಎಂಎಲ್‌ನಲ್ಲಿ ಇಲ್ಲ. ಇಪಬ್‌ಗೆ ಎಚ್‌ಟಿಎಂಎಲ್ಲೇ ಗತಿಯಾದ್ದರಿಂದ ಹತ್ತಿರದ ಟ್ಯಾಗ್ ತೆಗೆದುಕೊಂಡು ಕ್ಲಾಸ್‌ನಲ್ಲಿ ನಿಜ ಹೇಳಬೇಕು. ವಚನಕ್ಕೆ ಕೊನೆಯಲ್ಲಿ ಬರುವ ಅಂಕಿತಕ್ಕೂ ಪ್ರತ್ಯೇಕ ಕ್ಲಾಸ್ ಕೊಡಿ. ಇವತ್ತು ಅದಕ್ಕೆ ಬೇರೆ ರೂಪ ಬೇಡವಾಗಿರಬಹುದು, ಆದರೆ ಅಂಕಿತದ ಪ್ರಕಾರ ಸೂಚಿ ಮಾಡುವ ದಿನ ಆ ಕ್ಲಾಸ್ ಇಡೀ ಕೆಲಸವನ್ನು ಒಂದು ಹುಡುಕಾಟಕ್ಕೆ ಇಳಿಸುತ್ತದೆ.

ಅಡಿಟಿಪ್ಪಣಿಯಲ್ಲಿ ತಕ್ಕಡಿ ಇನ್ನೊಂದು ಕಡೆ ವಾಲುತ್ತದೆ. ಇಪಬ್ 3ರಲ್ಲಿ ಟಿಪ್ಪಣಿಯನ್ನು ಅಸೈಡ್ ಟ್ಯಾಗ್‌ನಲ್ಲಿ ಫುಟ್‌ನೋಟ್ ಎಂದೂ, ಪಠ್ಯದೊಳಗಿನ ಅಂಕಿಯನ್ನು ನೋಟ್‌ರೆಫ್ ಎಂದೂ ಗುರುತಿಸಬಹುದು. ಆಪಲ್ ಬುಕ್ಸ್ ಇದನ್ನು ಅರ್ಥ ಮಾಡಿಕೊಂಡು, ಟಿಪ್ಪಣಿಯನ್ನು ಪುಟದಿಂದ ಮರೆಮಾಡಿ, ಅಂಕಿ ಮುಟ್ಟಿದಾಗ ಪುಟ್ಟ ಪೆಟ್ಟಿಗೆಯಲ್ಲಿ ತೋರಿಸುತ್ತದೆ. ಈ ಗುರುತನ್ನು ಲೆಕ್ಕಿಸದ ಆ್ಯಪ್‌ಗಳಲ್ಲಿ ಅಸೈಡ್ ಎಲ್ಲಿಟ್ಟಿದ್ದೀರೋ ಅಲ್ಲಿಯೇ ಕಾಣಿಸುತ್ತದೆ. ಪ್ಯಾರಾದ ಕೆಳಗೇ ಇಟ್ಟಿದ್ದರೆ ಕಥೆಯ ನಡುವೆ ಟಿಪ್ಪಣಿ ನುಗ್ಗುತ್ತದೆ. ಆದ್ದರಿಂದ ಗುರುತು ಸರಿಯಾಗಿ ಹಾಕಿ, ಜಾಗ ಮಾತ್ರ ಅಧ್ಯಾಯದ ಕೊನೆಯಲ್ಲಿ ಕೊಡಿ, ಹಿಂತಿರುಗುವ ಕೊಂಡಿಯನ್ನೂ ಸೇರಿಸಿ. ಎಲ್ಲಿ ತೆರೆದರೂ ಮರ್ಯಾದೆಯಾಗಿ ಕಾಣುತ್ತದೆ.

ಮುನ್ನುಡಿ, ಅರ್ಪಣೆ, ಪರಿಭಾಷೆ ಇವುಗಳನ್ನು ಗುರುತಿಸಲು ಸಿಜಿಲ್‌ನಲ್ಲಿ ಕಡತದ ಮೇಲೆ ಬಲಗುಂಡಿ ಒತ್ತಿ ಆ್ಯಡ್ ಸೆಮ್ಯಾಂಟಿಕ್ಸ್ ಆರಿಸಿದರೆ ಸಾಕು. ಪರಿವಿಡಿ ಎಚ್1ರಿಂದ ಎಚ್6ರವರೆಗಿನ ಶೀರ್ಷಿಕೆಗಳಿಂದ ತಾನಾಗಿ ಹುಟ್ಟುತ್ತದೆ. ಅಧ್ಯಾಯದ ಅಂಕಿ ಮೇಲೆ, ಹೆಸರು ಕೆಳಗೆ ಎಂದು ಎರಡು ಸಾಲಿನ ಶೀರ್ಷಿಕೆ ಇದ್ದರೆ ಎರಡು ಬೇರೆ ಶೀರ್ಷಿಕೆ ಟ್ಯಾಗ್ ಹಾಕಬೇಡಿ. ಒಂದೇ ಎಚ್2 ಇರಲಿ, ಅದರ ಟೈಟಲ್ ಗುಣದಲ್ಲಿ ಪರಿವಿಡಿಗೆ ಬೇಕಾದ ರೂಪ ಬರೆಯಿರಿ. ಸಿಜಿಲ್ ಅದನ್ನೇ ತೆಗೆದುಕೊಳ್ಳುತ್ತದೆ.

ಫಾಂಟ್ ಬಗ್ಗೆ ಕೆಲವು ಎಚ್ಚರಿಕೆ. ಒಎಫ್‌ಎಲ್ ಎಂಬ ಮುಕ್ತ ಫಾಂಟ್ ಪರವಾನಗಿಯ ನೋಟೊ ಸೆರಿಫ್ ಕನ್ನಡ, ಟಿರೊ ಕನ್ನಡ ಎರಡನ್ನೂ ಪುಸ್ತಕದೊಳಗೆ ಸೇರಿಸಬಹುದು. ಕಡತ ಚಿಕ್ಕದಾಗಲೆಂದು ಬಳಕೆಯಾಗದ ಅಕ್ಷರ ತೆಗೆದು ಫಾಂಟನ್ನು ಸಬ್‌ಸೆಟ್ ಮಾಡುವಾಗ, ಅಕ್ಷರ ಕೂಡುವ ನಿಯಮಗಳಿರುವ ಜಿಸಬ್ ಕೋಷ್ಟಕ ಕತ್ತರಿಸಿಹೋದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗುತ್ತವೆ. ಹಳಗನ್ನಡದ ಪಠ್ಯವಾದರೆ ಱ ಮತ್ತು ೞ ಎರಡೂ ಆ ಫಾಂಟ್‌ನಲ್ಲಿವೆಯೇ ಎಂದು ಮೊದಲೇ ನೋಡಿ. ಆಪಲ್ ಬುಕ್ಸ್ ನಿಮ್ಮ ಫಾಂಟನ್ನು ಗೌರವಿಸಬೇಕಾದರೆ ಪುಸ್ತಕದ ವಿವರಗಳಿರುವ ಒಪಿಎಫ್ ಕಡತದಲ್ಲಿ ಸ್ಪೆಸಿಫೈಡ್-ಫಾಂಟ್ಸ್ ಎಂಬ ಮೆಟಾ ಸಾಲು ಬೇಕು.

ಮೆಟಾಡೇಟಾದಲ್ಲಿ ಭಾಷೆ ಕನ್ನಡ (kn) ಎಂದಿರಬೇಕು, ಪ್ರತಿ ಎಚ್‌ಟಿಎಂಎಲ್ ಕಡತದ ಲ್ಯಾಂಗ್ ಗುಣವೂ ಹಾಗೆಯೇ. ಇಲ್ಲದಿದ್ದರೆ ಓದಿ ಹೇಳುವ ತಂತ್ರಾಂಶ ಇಂಗ್ಲಿಷ್ ದನಿಯಲ್ಲಿ ತಡಕಾಡುತ್ತದೆ. ದೃಷ್ಟಿದೋಷ ಇರುವ ಓದುಗರಿಗೆ ಇಡೀ ಪುಸ್ತಕ ದಕ್ಕುವುದೋ ಇಲ್ಲವೋ ಎಂಬುದು ಈ ಎರಡಕ್ಷರದ ಗುರುತಿನ ಮೇಲೆ ನಿಂತಿರುತ್ತದೆ. ಚಿತ್ರಗಳ ವಿವರಣೆ, ಯಾವ ಭಾಗ ಏನೆಂದು ಓದಿ ಹೇಳುವ ತಂತ್ರಾಂಶಕ್ಕೆ ತಿಳಿಸುವ ಗುರುತುಗಳನ್ನು ತುಂಬಲು ಆಕ್ಸೆಸ್-ಏಡ್ ಎಂಬ ಪ್ಲಗಿನ್ ಇದೆ, ಚಿತ್ರ ಒಂದೊಂದನ್ನೇ ತೋರಿಸಿ ವಿವರಣೆ ಕೇಳುತ್ತದೆ. ಅದನ್ನು ಓಡಿಸದೆ ಪುಸ್ತಕ ಹೊರಗೆ ಕಳಿಸಬೇಡಿ.

ಕೊರತೆಗಳೂ ಇವೆ. ಕಾಗುಣಿತ ಪರೀಕ್ಷೆ ಹನ್‌ಸ್ಪೆಲ್ ನಿಘಂಟಿನದು. ಪ್ರತ್ಯಯಗಳ ಮೇಲೆ ಪ್ರತ್ಯಯ ಸೇರುವ ಕನ್ನಡದಲ್ಲಿ ಅದು ಸರಿಯಾದ ಪದಗಳಿಗೂ ಕೆಂಪು ಗೆರೆ ಎಳೆಯುತ್ತದೆ, ಆಫ್ ಮಾಡಿಡುವುದೇ ನೆಮ್ಮದಿ. ಇಬ್ಬರು ಒಟ್ಟಿಗೆ ಒಂದೇ ಪುಸ್ತಕದ ಮೇಲೆ ಕೆಲಸ ಮಾಡುವ ವ್ಯವಸ್ಥೆ ಇಲ್ಲ. ಮಕ್ಕಳ ಚಿತ್ರಪುಸ್ತಕದಂಥ ಫಿಕ್ಸೆಡ್ ಲೇಔಟ್‌ಗೆ ಇದರಿಂದ ಹೆಚ್ಚಿನ ಸಹಾಯ ಸಿಗುವುದಿಲ್ಲ, ಅಂಥದ್ದಕ್ಕೆ ಇನ್‌ಡಿಸೈನೇ ಸರಿ. ಇ-ಪುಸ್ತಕ ತಂತ್ರಾಂಶವಾದ ಕ್ಯಾಲಿಬರ್‌ನಲ್ಲಿಯೂ ಒಳ್ಳೆಯ ಸಂಪಾದಕ ಇದೆ. ಆದರೆ ಅದರ ಪರಿವರ್ತಕದಿಂದ ಹಾದುಬಂದ ಪುಸ್ತಕದಲ್ಲಿ ಕ್ಯಾಲಿಬರ್1, ಕ್ಯಾಲಿಬರ್2 ಎಂಬ ಅರ್ಥಹೀನ ಕ್ಲಾಸ್‌ಗಳು ತುಂಬಿಕೊಳ್ಳುತ್ತವೆ. ಪರಿವರ್ತನೆಗೆ ಅದನ್ನು ಬಳಸದೆ, ಮುಗಿದ ಪುಸ್ತಕಗಳನ್ನು ಜೋಡಿಸಿಡಲು ಬಳಸಿ.

ಕೊನೆಯ ಹಂತ ತಪಾಸಣೆ. ಎಫ್7 ಒತ್ತಿ ಟ್ಯಾಗ್‌ಗಳು ಸರಿಯಾಗಿ ಮುಚ್ಚಿವೆಯೇ ನೋಡಿ. ಬಳಕೆಯಾಗದ ಸಿಎಸ್‌ಎಸ್ ಕ್ಲಾಸ್‌ಗಳನ್ನು ಟೂಲ್ಸ್ ಮೆನುವಿನಿಂದ ಅಳಿಸಿ. ಇಪಬ್‌ಚೆಕ್ ಪ್ಲಗಿನ್ ಓಡಿಸಿ, ಅದಕ್ಕೆ ಗಣಕದಲ್ಲಿ ಜಾವಾ ಇರಬೇಕು. ಆರ್‌ಎಸ್‌ಸಿ-005 ಎಂಬ ತಪ್ಪು ಬಂದರೆ ಹೆದರಬೇಡಿ, ಬಹುಪಾಲು ಅದು ಇರಬಾರದ ಕಡೆ ಟ್ಯಾಗ್ ಇದೆ ಅಥವಾ ಒಂದೇ ಐಡಿ ಎರಡು ಕಡೆ ಇದೆ ಎಂದಷ್ಟೇ ಹೇಳುತ್ತದೆ. ತಪ್ಪಿನ ಮೇಲೆ ಎರಡು ಸಲ ಒತ್ತಿದರೆ ಸಿಜಿಲ್ ಆ ಸಾಲಿಗೇ ಕರೆದೊಯ್ಯುತ್ತದೆ. ಆಮೇಲೆ ಥೋರಿಯಂ, ಆಪಲ್ ಬುಕ್ಸ್, ಗೂಗಲ್ ಪ್ಲೇ ಬುಕ್ಸ್ ಎಂಬ ಓದುವ ಆ್ಯಪ್ ಮೂರರಲ್ಲೂ ತೆರೆಯಿರಿ. ಅಕ್ಷರವನ್ನು ಅತಿ ದೊಡ್ಡದು ಮಾಡಿ ಒಂದು ಸಲ, ರಾತ್ರಿ ವಿಧಾನದಲ್ಲಿ ಒಂದು ಸಲ, ಪ್ರಕಾಶಕರ ಫಾಂಟ್ ಆಫ್ ಮಾಡಿ ಇನ್ನೊಂದು ಸಲ ನೋಡಿ. ಈ ಮೂರನೆಯ ನೋಟದಲ್ಲಿಯೂ ಷಟ್ಪದಿಯ ಆರು ಸಾಲು ಆರಾಗಿಯೇ ಕಂಡರೆ ಕಡತ ಅಂಗಡಿಗೆ ಹೋಗಲು ಸಿದ್ಧ.